ಸಮ್ನರಿನ ಕೋರ್ಟು ಕಟ್ಟಡ

ನಾನು ಮೊದಲ ಸಲ ಕೋರ್ಟು ನೋಡಿದ್ದು ಐದನೇ ಕ್ಲಾಸಿನಲ್ಲಿದ್ದಾಗ. ನಮ್ಮದು ನರಗುಂದ ಕಡೆಯ ಎರೆಹೊಲದ ಊರು. ಬದುವಿನ ತಕರಾರೊಂದು ಅಪ್ಪನ ಕಾಲಿಗೆ ಸುತ್ತಿಕೊಂಡು ಏಳೆಂಟು ವರ್ಷ ಆಗಿತ್ತು. ಪಕ್ಕದ ಹೊಲದವರು ಒಂದು ರಾತ್ರಿ ಬಾಂದುಕಲ್ಲು ಕಿತ್ತು ನಮ್ಮ ಕಡೆ ಸರಿಸಿದ್ದರು. ಅದನ್ನು ಕಣ್ಣಾರೆ ಕಂಡವರು ಊರಲ್ಲಿ ಒಬ್ಬರೇ. ಅವತ್ತು ಅವರ ಸಾಕ್ಷಿ ಇತ್ತು. ಅಪ್ಪ ಅವರನ್ನೂ ನನ್ನನ್ನೂ ಬೆಳಗಿನ ಬಸ್ಸಿಗೆ ಹತ್ತಿಸಿಕೊಂಡು ತಾಲೂಕಿಗೆ ಕರಕೊಂಡು ಹೋದ.

ಹಂಚಿನ ಮಾಡು, ದಪ್ಪ ಗೋಡೆ, ಎತ್ತರದ ಕಿಟಕಿ. ಜವಾನ ಬಾಗಿಲಿಗೆ ಬಂದು ಮೂರು ಸಲ ಹೆಸರು ಕೂಗಿದ. ಸಾಕ್ಷಿದಾರರು ಕಟಕಟೆ ಹತ್ತಿದರು, ನ್ಯಾಯಾಧೀಶರ ಕಡೆ ನೋಡಿದರು, ಆಮೇಲೆ ಎದುರು ಪಾರ್ಟಿಯ ಕಡೆ ನೋಡಿದರು. "ನಾ ಏನೂ ನೋಡಿಲ್ರೀ ಸಾಹೇಬ್ರ" ಅಂದರು. ಅಷ್ಟೇ. ಕೆಳಗಿಳಿದು ಬಂದರು.

ನನಗೆ ಇವತ್ತಿಗೂ ಆಶ್ಚರ್ಯ ಆಗೋದು ಅದಾದ ಮೇಲಿನದು. ಅಪ್ಪ ಅವರಿಗೆ ಚಹಾ ಕುಡಿಸಿದ, ಅದೇ ಬಸ್ಸಲ್ಲಿ ಮೂವರೂ ವಾಪಸ್ ಬಂದೆವು. ಮನೆಗೆ ಬಂದ ಮೇಲೆ ನಾನು ಸಿಟ್ಟಿನಲ್ಲಿ ಏನೋ ಅಂದಾಗ ಅಪ್ಪ, "ಅಂವ ಇದ ಊರಾಗ ಬಾಳ್ವೆ ಮಾಡಬೇಕಲ್ಲೋ" ಅಂದ. ಕೊನೆಗೆ ರಾಜಿಯಾಯಿತು. ರಾಜಿ ಅಂದ್ರೆ ಅರ್ಧ ಎಕರೆ ಹೋಯಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನೋ ಗಾದೆ ನನಗೆ ಪುಸ್ತಕದಿಂದ ಬಂದದ್ದಲ್ಲ.

ಇಷ್ಟನ್ನು ಮೊದಲೇ ಹೇಳಿದ್ದು ಯಾಕಂದ್ರೆ, ಈ ಲೇಖನ ಇನ್ನೊಂದು ಹಳ್ಳಿ ಕೋರ್ಟಿನ ಬಗ್ಗೆ. ಅದು ಇರೋದು ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ, ಸಮ್ನರ್ ಅನ್ನೋ ಊರಲ್ಲಿ. ಊರಿನ ಜನಸಂಖ್ಯೆ ಮುನ್ನೂರರ ಆಸುಪಾಸು. ನಮ್ಮ ಅಪಾರ್ಟ್‌ಮೆಂಟುಗಳ ಒಂದು ಟವರಿನಲ್ಲಿ ಇದಕ್ಕಿಂತ ಹೆಚ್ಚು ಜನ ಇರ್ತಾರೆ.

ಪ್ರಾಜೆಕ್ಟಿನ ಕೆಲಸಕ್ಕೆ ನಾನು ಮೂರು ತಿಂಗಳು ಮೆಂಫಿಸ್‌ನಲ್ಲಿದ್ದೆ. ಅಲ್ಲಿನ ಬೀಲ್ ಸ್ಟ್ರೀಟ್‌ನಲ್ಲಿ ಅರ್ನೆಸ್ಟ್ ವಿದರ್ಸ್ ಅನ್ನೋ ಕಪ್ಪು ಛಾಯಾಗ್ರಾಹಕನ ಗ್ಯಾಲರಿ ಇದೆ. ಒಂದು ಸಂಜೆ ಸುಮ್ಮನೆ ಒಳಗೆ ಹೊಕ್ಕವನು ಅವನ ಒಂದು ಫೋಟೋ ಮುಂದೆ ನಿಂತೇಬಿಟ್ಟೆ. ಬಿಳಿ ಅಂಗಿ, ತೆಳ್ಳನೆಯ ಕರಿ ಟೈ ಹಾಕಿದ ಮುದುಕನೊಬ್ಬ ಎದ್ದು ನಿಂತು ಕೈ ಚಾಚಿ ಯಾರನ್ನೋ ತೋರಿಸುತ್ತಿದ್ದಾನೆ. ಸುತ್ತ ಜನ. ಯಾರನ್ನು ತೋರಿಸ್ತಿದ್ದಾನೆ ಅನ್ನೋದು ಚೌಕಟ್ಟಿನೊಳಗೆ ಇಲ್ಲ. ಅದು ಸಮ್ನರ್ ಕೋರ್ಟಿನಲ್ಲಿ 1955ರಲ್ಲಿ ತೆಗೆದ ಚಿತ್ರ. ಕಲಾಪ ನಡೆಯುವಾಗ ಫೋಟೋ ತೆಗೆಯಬಾರದು ಅಂತ ನ್ಯಾಯಾಧೀಶರ ಆಜ್ಞೆ ಇತ್ತು, ಆದರೂ ತೆಗೆದದ್ದು. ಮುಂದಿನ ಶುಕ್ರವಾರ ರಜೆ ಹಾಕಿ, ಕಾರು ಬಾಡಿಗೆಗೆ ತಗೊಂಡು ದಕ್ಷಿಣಕ್ಕೆ ಹೊರಟೆ.

ಮೆಂಫಿಸ್ ದಾಟಿದರೆ ಮಿಸಿಸಿಪ್ಪಿ ಡೆಲ್ಟಾ. ಅಂಗೈಯಷ್ಟು ಸಪಾಟು ನೆಲ. ನೆರೆ ನೀರು ಸಾವಿರಾರು ವರ್ಷ ತಂದು ಹಾಕಿದ ಮೆಕ್ಕಲು ಮಣ್ಣು. ಹತ್ತಿ ಹೊಲ, ಸೋಯಾ ಹೊಲ, ಮೀನಿನ ಹೊಂಡ, ಮತ್ತೆ ಹತ್ತಿ. ನನಗೆ ನವಲಗುಂದದ ರಸ್ತೆಯಲ್ಲಿ ಹೋದಂಗೇ ಅನ್ನಿಸ್ತು. ಈ ಹೋಲಿಕೆ ಬರೀ ನನ್ನ ಭಾವನೆಯಲ್ಲ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆಸಿ, ಧಾರವಾಡ ಸೀಮೆಯಲ್ಲಿ ನ್ಯೂ ಓರ್ಲಿಯನ್ಸ್ ಜಾತಿಯ ಹತ್ತಿ ಬೆಳೆಸೋ ಪ್ರಯತ್ನ ಮಾಡಿತ್ತು. ಆ ತಳಿ ನಮ್ಮ ಮಣ್ಣಿಗೆ ಹೊಂದಿಕೊಂಡು 'ಧಾರವಾಡ-ಅಮೆರಿಕನ್' ಅಂತ ಹೆಸರಾಯಿತು. ಮುಂದೆ 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಹಡಗು ನಿಂತಾಗ, ಧಾರವಾಡದ ಹತ್ತಿಗೆ ಚಿನ್ನದ ಬೆಲೆ ಬಂತು. ಅಲ್ಲಿ ಗುಲಾಮರು ಬಿಡಿಸುತ್ತಿದ್ದ ಹತ್ತಿ ನಿಂತಿದ್ದಕ್ಕೆ ಇಲ್ಲಿ ನಮ್ಮ ಮುತ್ತಜ್ಜಂದಿರ ಕಾಲದವರು ನಾಲ್ಕು ಕಾಸು ನೋಡಿದರು.

ಈಗ ಕಟ್ಟಡಕ್ಕೆ ಬರೋಣ. ಅಮೆರಿಕದಲ್ಲಿ ರಾಜ್ಯದ ಕೆಳಗಿನ ಘಟಕ ಕೌಂಟಿ. ವಿಸ್ತಾರದಲ್ಲಿ ನಮ್ಮ ಒಂದು ತಾಲೂಕಿಗೋ ಎರಡು ತಾಲೂಕಿಗೋ ಹೋಲಿಸಬಹುದು. ಇಡೀ ದೇಶದಲ್ಲಿ ಮೂರು ಸಾವಿರಕ್ಕಿಂತ ಹೆಚ್ಚು ಕೌಂಟಿಗಳಿವೆ, ಮಿಸಿಸಿಪ್ಪಿ ಒಂದರಲ್ಲೇ 82. ಪ್ರತಿ ಕೌಂಟಿಗೂ ಒಂದು ಕೇಂದ್ರ ಊರು, ಆ ಊರಿನ ನಡುವೆ ಕೋರ್ಟ್‌ಹೌಸ್. ಹೆಸರು ಕೋರ್ಟ್‌ಹೌಸ್ ಅಂತಿದ್ದರೂ ಅಲ್ಲಿ ಕೋರ್ಟು ಮಾತ್ರ ಇರೋದಿಲ್ಲ. ಜಮೀನಿನ ದಾಖಲೆ, ಮದುವೆ ಲೈಸೆನ್ಸ್, ತೆರಿಗೆ ಕಟ್ಟೋ ಕೌಂಟರು, ಮತದಾರರ ಪಟ್ಟಿ ಎಲ್ಲ ಅಲ್ಲೇ. ನಮ್ಮ ತಹಶೀಲ್ದಾರ್ ಕಚೇರಿ, ಸಬ್ ರಿಜಿಸ್ಟ್ರಾರ್ ಆಫೀಸು, ಟ್ರೆಜರಿ, ಕೋರ್ಟು ನಾಲ್ಕನ್ನೂ ಒಂದೇ ಸೂರಿನಡಿ ತಂದು ಊರ ನಡುವಿನ ಚೌಕದಲ್ಲಿ ಇಟ್ಟರೆ ಹೇಗಿರುತ್ತೋ ಹಾಗೆ. ಸುತ್ತ ನಾಲ್ಕೂ ಬದಿಗೆ ಅಂಗಡಿ ಸಾಲು, ವಕೀಲರ ಆಫೀಸು, ಬ್ಯಾಂಕು. ನಮ್ಮಲ್ಲಿ ಗುಡಿಯ ಸುತ್ತ ಪೇಟೆ ಬೆಳೆದ ಹಾಗೆ ಅಲ್ಲಿ ಕೋರ್ಟಿನ ಸುತ್ತ ಪೇಟೆ ಬೆಳೆಯಿತು. ಹೊಲದಲ್ಲಿ ನಿಂತವನಿಗೆ ದೂರದಿಂದ ಕಾಣೋದು ಗೋಪುರ, ಅದರಲ್ಲಿ ಗಡಿಯಾರ.

ಕೌಂಟಿ ಕೇಂದ್ರ ಆಗೋಕೆ ಊರೂರಿನ ನಡುವೆ ಜಗಳ ನಡೀತಿತ್ತು. ಕೋರ್ಟು ಬಂದ ಊರಿಗೆ ವ್ಯಾಪಾರ ಬರ್ತಿತ್ತು, ಸೈಟಿನ ಬೆಲೆ ಏರ್ತಿತ್ತು. ಸಮ್ನರ್ ಇರುವ ಟ್ಯಾಲಹ್ಯಾಚಿ ಕೌಂಟಿಯ ವಿಶೇಷ ಏನಂದ್ರೆ ಅದಕ್ಕೆ ಎರಡು ಕೇಂದ್ರಗಳು, ಎರಡು ಕೋರ್ಟ್‌ಹೌಸ್‌ಗಳು. ನಡುವೆ ಹರಿಯುವುದು ಟ್ಯಾಲಹ್ಯಾಚಿ ನದಿ. ಮಳೆಗಾಲದಲ್ಲಿ ನದಿ ಉಕ್ಕಿದರೆ ಆ ಕಡೆಯವರು ಈ ಕಡೆ ಬರೋ ಹಾಗಿರಲಿಲ್ಲ. ಹಾಗಾಗಿ ಒಂದು ಬದಿಗೆ ಚಾರ್ಲ್ಸ್‌ಟನ್, ಇನ್ನೊಂದು ಬದಿಗೆ ಸಮ್ನರ್.

ಸಮ್ನರಿನ ಈಗಿನ ಕಟ್ಟಡ 1910ರ ಹೊತ್ತಿನದು. ಅದರ ಶೈಲಿಗೆ ರಿಚರ್ಡ್‌ಸೋನಿಯನ್ ರೋಮನೆಸ್ಕ್ ಅಂತಾರೆ. ಹೆಸರು ಕೇಳಿ ಹೆದರಬೇಡಿ. ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಅನ್ನೋ ವಾಸ್ತುಶಿಲ್ಪಿ, ಹುಟ್ಟಿದ್ದು ಪಕ್ಕದ ಲೂಸಿಯಾನ ರಾಜ್ಯದಲ್ಲಿ, 1838ರಲ್ಲಿ. ಯುರೋಪಿನ ಸಾವಿರ ವರ್ಷ ಹಳೆಯ ಇಗರ್ಜಿಗಳಲ್ಲಿದ್ದ ಅರ್ಧಚಂದ್ರದ ಕಮಾನು, ದಪ್ಪ ಗೋಡೆ, ಒರಟು ಕಲ್ಲು, ಚೌಕ ಗೋಪುರ ಇವನ್ನೆಲ್ಲ ತಗೊಂಡು ಅಮೆರಿಕದ ಸರ್ಕಾರಿ ಕಟ್ಟಡಗಳಿಗೆ ಒಗ್ಗಿಸಿದ. ಪಿಟ್ಸ್‌ಬರ್ಗ್‌ನಲ್ಲಿರುವ ಅಲೆಗೆನಿ ಕೌಂಟಿ ಕೋರ್ಟ್‌ಹೌಸ್ ಅವನ ದೊಡ್ಡ ಕೃತಿ. ಅದು ಮುಗಿದದ್ದು 1888ರಲ್ಲಿ, ಅವನು ತೀರಿಕೊಂಡು ಎರಡು ವರ್ಷ ಆದ ಮೇಲೆ. ಆಮೇಲೆ ದೇಶದ ಮೂಲೆಮೂಲೆಯ ಕೌಂಟಿಗಳು ಆ ಧಾಟಿಯನ್ನು ನಕಲು ಮಾಡಿದವು. ನಾವು ಒಂದು ಒಳ್ಳೆ ಓಪನ್ ಸೋರ್ಸ್ ಫ್ರೇಮ್‌ವರ್ಕ್ ಬಂದರೆ ಎಲ್ಲ ಪ್ರಾಜೆಕ್ಟಿಗೂ ಅದನ್ನೇ ಹಾಕ್ತೀವಲ್ಲ, ಹಾಗೆ.

ಡೆಲ್ಟಾದಲ್ಲಿ ಕಲ್ಲು ಸಿಗೋದಿಲ್ಲ, ಅಗೆದಷ್ಟೂ ಮಣ್ಣೇ. ಹಾಗಾಗಿ ಸಮ್ನರಿನವರು ಕಟ್ಟಿದ್ದು ಇಟ್ಟಿಗೆಯಲ್ಲಿ. ಕಮಾನಿನ ಬಾಗಿಲು, ಕಮಾನಿನ ಕಿಟಕಿ, ಮೂಲೆಗೆ ಗಡಿಯಾರದ ಗೋಪುರ. ಕೆಳಗೆ ಕಚೇರಿಗಳು, ಮೇಲಿನ ಮಹಡಿಯಲ್ಲಿ ಕೋರ್ಟು ಹಾಲ್. ಆ ಕಾಲದ ಕೋರ್ಟ್‌ಹೌಸುಗಳಲ್ಲಿ ಇದು ಸಾಮಾನ್ಯ. ದೊಡ್ಡ ಹಾಲು ಮೇಲಿದ್ದರೆ ಎತ್ತರದ ಕಿಟಕಿಗಳಿಂದ ಗಾಳಿ ಬೆಳಕು ಚೆನ್ನಾಗಿ ಬರುತ್ತೆ, ಜನ ಮೆಟ್ಟಿಲು ಹತ್ತಿ ಹೋಗಬೇಕಾದ್ದರಿಂದ ಒಂದು ಗಾಂಭೀರ್ಯವೂ ಇರುತ್ತೆ. ಇಂಥ ಕಟ್ಟಡ ಹೇಳೋ ಮಾತು ಒಂದೇ: ನಾನು ಗಟ್ಟಿ, ನಾನು ಅಲುಗೋದಿಲ್ಲ, ಕಾನೂನು ನನ್ನೊಳಗಿದೆ.

ಆದರೆ ಯಾರ ಕಾನೂನು? ಅದನ್ನು ತಿಳಿಯೋಕೆ ಕಟ್ಟಡದ ಒಳಗೆ ಹೋಗಬೇಕಿಲ್ಲ. 1913ರಲ್ಲಿ ಕೋರ್ಟಿನ ಅಂಗಳದಲ್ಲೊಂದು ಸ್ಮಾರಕ ನಿಲ್ಲಿಸಿದರು. ಯಾರಿಗೆ ಅಂದ್ರೆ ಅಂತರ್ಯುದ್ಧದಲ್ಲಿ ದಕ್ಷಿಣದ ಪರವಾಗಿ, ಅಂದ್ರೆ ಗುಲಾಮಗಿರಿ ಉಳಿಸಿಕೊಳ್ಳೋ ರಾಜ್ಯಗಳ ಪರವಾಗಿ ಕಾದಾಡಿದ ಸೈನಿಕರಿಗೆ. ಕೌಂಟಿಯಲ್ಲಿ ಹೆಚ್ಚಿನ ಜನ ಕಪ್ಪು ವರ್ಣದವರು, ಆ ಗುಲಾಮರ ಮಕ್ಕಳು ಮೊಮ್ಮಕ್ಕಳು. ತೆರಿಗೆ ಕಟ್ಟೋಕೋ ಮದುವೆ ಬರೆಸೋಕೋ ಬಂದವರು ಆ ಕಲ್ಲಿನ ಮುಂದೆಯೇ ಹಾದು ಒಳಗೆ ಹೋಗಬೇಕಿತ್ತು.

ಇನ್ನು 1955ರ ಕತೆ. ಎಮೆಟ್ ಟಿಲ್ ಶಿಕಾಗೋದ ಹುಡುಗ, ವಯಸ್ಸು 14. ಬೇಸಿಗೆ ರಜೆಗೆ ಡೆಲ್ಟಾದ ಮನಿ ಅನ್ನೋ ಊರಲ್ಲಿದ್ದ ಸಂಬಂಧಿ ಮೋಸ್ ರೈಟ್ ಮನೆಗೆ ಬಂದಿದ್ದ. ಮೋಸ್ ರೈಟ್ ಅವನ ಅಜ್ಜಿಯ ಸಹೋದರಿಯ ಗಂಡ, ಬೇರೆಯವರ ಹೊಲವನ್ನು ಪಾಲಿಗೆ ಮಾಡ್ತಿದ್ದ ರೈತ. ಆಗಸ್ಟ್ 24ರಂದು ಹುಡುಗರೆಲ್ಲ ಸೇರಿ ಅಂಗಡಿಗೆ ಹೋದಾಗ ಎಮೆಟ್ ಅಲ್ಲಿದ್ದ ಬಿಳಿ ಹೆಂಗಸಿನ ಹತ್ತಿರ ಸಲುಗೆಯಿಂದ ನಡಕೊಂಡ ಅನ್ನೋ ಆರೋಪ ಬಂತು. 28ರ ಮಧ್ಯರಾತ್ರಿ ಕಳೆದ ಮೇಲೆ ಆಕೆಯ ಗಂಡ ರಾಯ್ ಬ್ರಯಂಟ್, ಅವನ ಮಲಸಹೋದರ ಜೆ. ಡಬ್ಲ್ಯು. ಮೈಲಮ್ ಟಾರ್ಚು ಪಿಸ್ತೂಲು ಹಿಡಕೊಂಡು ಮೋಸ್ ರೈಟ್ ಮನೆ ಬಾಗಿಲು ಬಡಿದರು. ಹಾಸಿಗೆಯಲ್ಲಿ ಮಲಗಿದ್ದ ಹುಡುಗನನ್ನು ಎಬ್ಬಿಸಿ ಕರಕೊಂಡು ಹೋದರು. ಮೂರು ದಿನದ ಮೇಲೆ ಟ್ಯಾಲಹ್ಯಾಚಿ ನದಿಯಲ್ಲಿ ಹೆಣ ತೇಲಿತು. ಮೇಲೆ ಬರಬಾರದು ಅಂತ ಕುತ್ತಿಗೆಗೆ ಹತ್ತಿ ಜಿನ್ನಿನ ಕಬ್ಬಿಣದ ಫ್ಯಾನನ್ನು ಮುಳ್ಳುತಂತಿಯಲ್ಲಿ ಬಿಗಿದಿದ್ದರು.

ಜಿನ್ನಿನ ಫ್ಯಾನು ಅಂದ್ರೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತು. ಗದಗಿನ ಜಿನ್ನಿಗೆ ಅಪ್ಪನ ಜೊತೆ ಹತ್ತಿ ಅಂಡಿಗೆಗಳ ಮೇಲೆ ಕೂತು ಹೋದವನು ನಾನು. ಹತ್ತಿಯನ್ನು ಗಾಳಿಯಲ್ಲಿ ತಳ್ಳೋ ಯಂತ್ರ ಅದು. ನನ್ನ ಬಾಲ್ಯದ ಬಿಳಿ ಧೂಳಿನ, ಖುಷಿಯ ನೆನಪು. ಅದನ್ನು ಹೀಗೂ ಬಳಸಬಹುದು ಅಂತ ಓದಿದ ದಿನದಿಂದ ಆ ನೆನಪು ಮೊದಲಿನ ಹಾಗಿಲ್ಲ.

ಶಿಕಾಗೋದಲ್ಲಿ ತಾಯಿ ಮೇಮಿ ಟಿಲ್ ಮಗನ ಶವಪೆಟ್ಟಿಗೆ ಮುಚ್ಚೋಕೆ ಬಿಡಲಿಲ್ಲ. ಗುರುತು ಸಿಗದಷ್ಟು ಜಜ್ಜಿಹೋದ ಮುಖವನ್ನು ಲೋಕವೇ ನೋಡಲಿ ಅಂದಳು. ಸಾವಿರಾರು ಜನ ಸಾಲುಗಟ್ಟಿ ನೋಡಿದರು, 'ಜೆಟ್' ಪತ್ರಿಕೆ ಚಿತ್ರ ಅಚ್ಚು ಹಾಕಿತು. ಹೆಣ ಸಿಕ್ಕಿದ್ದು ಟ್ಯಾಲಹ್ಯಾಚಿ ಕೌಂಟಿಯಲ್ಲಾದ್ದರಿಂದ ವಿಚಾರಣೆ ಸಮ್ನರಿಗೆ ಬಂತು. ಆಗ ಊರ ಬಾಗಿಲಿನ ಫಲಕದಲ್ಲಿ, ಗಂಡುಹುಡುಗನನ್ನು ಬೆಳೆಸೋಕೆ ಇದು ಒಳ್ಳೇ ಊರು ಅನ್ನೋ ಅರ್ಥದ ಬರಹ ಇತ್ತು. ಬೇಕಂತ ಮಾಡಿದ ಕುಹಕವಲ್ಲ, ಊರಿನ ಘೋಷವಾಕ್ಯವೇ ಅದು.

ಸೆಪ್ಟೆಂಬರ್ 19ರಿಂದ 23ರವರೆಗೆ ಐದು ದಿನ ವಿಚಾರಣೆ. ಮೇಲಿನ ಹಾಲಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಸಹಿಸಲಾರದ ಸೆಕೆ. ಆರೋಪಿಗಳ ಪುಟ್ಟ ಮಕ್ಕಳು ಹಾಲಿನಲ್ಲೇ ಆಡಿಕೊಂಡಿದ್ದರು. ದೇಶದ ದೊಡ್ಡ ಪತ್ರಿಕೆಗಳ ಬಿಳಿ ವರದಿಗಾರರಿಗೆ ಮುಂದೆ ಜಾಗ. ಕಪ್ಪು ಪತ್ರಕರ್ತರಿಗೆ ಬದಿಗೊಂದು ಇಸ್ಪೀಟು ಟೇಬಲು. ಮಿಶಿಗನ್ನಿನಿಂದ ಬಂದ ಸಂಸದ ಚಾರ್ಲ್ಸ್ ಡಿಗ್ಸ್ ಕಪ್ಪು ಮನುಷ್ಯನಾದ್ದರಿಂದ ಅವರೂ ಕೂತದ್ದು ಆ ಟೇಬಲಿನಲ್ಲೇ. ಸಮ್ನರಿನಲ್ಲಿದ್ದ ಐದೂ ವಕೀಲರು ಆರೋಪಿಗಳ ಪರ ನಿಂತರು.

ಜ್ಯೂರಿಯಲ್ಲಿ 12 ಜನ, ಎಲ್ಲ ಬಿಳಿ ಗಂಡಸರು. ಮೇಲ್ನೋಟಕ್ಕೆ ಇದರಲ್ಲಿ ಯಾರೂ ನಿಯಮ ಮುರಿದ ಹಾಗೆ ಕಾಣುತ್ತಿರಲಿಲ್ಲ ಅನ್ನೋದನ್ನು ಗಮನಿಸಿ. ಜ್ಯೂರಿಗೆ ಹೆಸರು ಆರಿಸೋದು ಮತದಾರರ ಪಟ್ಟಿಯಿಂದ. ಆ ಕೌಂಟಿಯಲ್ಲಿ ಒಬ್ಬ ಕಪ್ಪು ಮನುಷ್ಯನಿಗೂ ಮತದಾರನಾಗಿ ನೋಂದಾಯಿಸಿಕೊಳ್ಳೋಕೆ ಬಿಟ್ಟಿರಲಿಲ್ಲ. ಹೆಂಗಸರು ಜ್ಯೂರಿಯಲ್ಲಿ ಕೂರೋಕೆ ಮಿಸಿಸಿಪ್ಪಿಯಲ್ಲಿ ಅವಕಾಶ ಬಂದದ್ದೇ 1968ರಲ್ಲಿ. ಆ ಪಟ್ಟಿ ಇದ್ದದ್ದು ಅದೇ ಕಟ್ಟಡದ ಕಚೇರಿಯಲ್ಲಿ. ಅಂದ್ರೆ ಮೇಲಿನ ಮಹಡಿಯ ತೀರ್ಪು ಕೆಳಗಿನ ಕೌಂಟರಿನಲ್ಲಿ ಎಷ್ಟೋ ವರ್ಷ ಮೊದಲೇ ಬರೆದಾಗಿತ್ತು. ಇನ್‌ಪುಟ್ ಹೀಗಿದ್ದರೆ ಔಟ್‌ಪುಟ್ ಬೇರೆ ಬರೋದು ಹೇಗೆ?

ಸೆಪ್ಟೆಂಬರ್ 21ರಂದು ಸಾಕ್ಷಿ ಕುರ್ಚಿಗೆ ಮೋಸ್ ರೈಟ್ ಬಂದರು. ವಯಸ್ಸು 64. ಅವತ್ತು ರಾತ್ರಿ ಮನೆಗೆ ಬಂದವರು ಈ ಹಾಲಿನಲ್ಲಿ ಇದ್ದಾರಾ ಅಂತ ಸರ್ಕಾರಿ ವಕೀಲರು ಕೇಳಿದರು. ಮುದುಕ ಎದ್ದು ನಿಂತರು, ಕೈ ಚಾಚಿ ಮೈಲಮ್ ಕಡೆ ತೋರಿಸಿದರು, ಆಮೇಲೆ ಬ್ರಯಂಟ್ ಕಡೆ. "ಅಲ್ಲಿದ್ದಾನೆ" ಅಂದರು. ಮಿಸಿಸಿಪ್ಪಿಯಲ್ಲಿ ಕಪ್ಪು ಮನುಷ್ಯನೊಬ್ಬ ತುಂಬಿದ ಕೋರ್ಟಿನಲ್ಲಿ ಬಿಳಿಯನ ಕಡೆ ಬೆರಳು ಮಾಡಿ, ಇವನೇ ಅನ್ನೋದು ಅಂದ್ರೆ ಅವತ್ತಿನ ಮಟ್ಟಿಗೆ ಜೀವವನ್ನು ಪಣಕ್ಕಿಟ್ಟ ಹಾಗೆ. ವಿದರ್ಸ್ ತೆಗೆದ ಫೋಟೋ ಆ ಕ್ಷಣದ್ದು.

ಇಲ್ಲೊಂದು ಚಿಕ್ಕ ವಿಷಯ. ಆಗಿನ ಪತ್ರಿಕೆಗಳು ಆ ಎರಡು ಪದಗಳನ್ನು ಒಡೆದ, ಅಡ್ಡಾದಿಡ್ಡಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿದವು. ಅಪ್ಪ ಹಾಗೆ ಮಾತಾಡಿರಲೇ ಇಲ್ಲ ಅಂತ ಅವರ ಮಗ ಸಿಮಿಯನ್ ರೈಟ್ ಮುಂದೆ ಹೇಳುತ್ತಿದ್ದರು. ನಮ್ಮ ಕಡೆಯ ಮಾತನ್ನು ಸಿನಿಮಾದಲ್ಲಿ ನಗಿಸೋಕೆ ಮಾತ್ರ ಬಳಸೋದನ್ನು ನೋಡುತ್ತಾ ಬೆಳೆದ ನನಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಮನುಷ್ಯ ಧೈರ್ಯದಿಂದ ಆಡಿದ ಮಾತಿಗೂ ಯಾರೋ ತಮಗೆ ಬೇಕಾದ ದನಿ ಹಚ್ಚಿಬಿಡ್ತಾರೆ.

ವಿಲಿ ರೀಡ್ ಅನ್ನೋ 18ರ ಹುಡುಗನೂ ಸಾಕ್ಷಿ ಹೇಳಿದ. ಕೊಟ್ಟಿಗೆಯೊಳಗಿಂದ ಹೊಡೆತದ ಸದ್ದು, ಕೂಗು ಕೇಳಿದ್ದನ್ನು ಹೇಳಿದ. ತಾಯಿ ಮೇಮಿ ಬಂದು ಅದು ನನ್ನ ಮಗನದೇ ದೇಹ ಅಂದಳು. ಕೌಂಟಿಯ ಶೆರಿಫ್ ಸ್ಟ್ರೈಡರ್ ಪ್ರತಿವಾದಿಗಳ ಪರ ಬಂದು, ಆ ಹೆಣ ಯಾರದೆಂದು ಹೇಳೋಕಾಗಲ್ಲ ಅಂದ. ಜ್ಯೂರಿ ಒಳಗೆ ಹೋಗಿ 67 ನಿಮಿಷಕ್ಕೆ ಹೊರಗೆ ಬಂತು. ನಿರ್ದೋಷಿಗಳು. ನಡುವೆ ಸೋಡಾ ಕುಡಿಯೋಕೆ ನಿಲ್ಲದಿದ್ದರೆ ಅಷ್ಟೂ ಹೊತ್ತು ಹಿಡೀತಿರಲಿಲ್ಲ ಅಂತ ಒಬ್ಬ ಜ್ಯೂರಿ ಸದಸ್ಯ ಹೇಳಿದ್ದು ಪತ್ರಿಕೆಗಳಲ್ಲಿ ಬಂತು.

ಮುಂದಿನ ಜನವರಿಯಲ್ಲಿ, 1956ರಲ್ಲಿ, 'ಲುಕ್' ಪತ್ರಿಕೆಯಿಂದ ದುಡ್ಡು ತಗೊಂಡು ಅದೇ ಇಬ್ಬರು ತಾವೇ ಕೊಂದದ್ದು ಅಂತ ಒಪ್ಪಿಕೊಂಡರು. ಒಮ್ಮೆ ಬಿಡುಗಡೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಿಸುವ ಹಾಗಿಲ್ಲ. ಆ ಕಾನೂನು ಅವರ ಬೆನ್ನಿಗಿತ್ತು.

ಆದರೆ ಆ ಹಾಲಿನಲ್ಲಿ ನಡೆದದ್ದು ಅಲ್ಲಿಗೇ ಮುಗಿಯಲಿಲ್ಲ. 1955ರ ಡಿಸೆಂಬರ್ 1ರಂದು ಅಲಬಾಮಾದ ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟುಕೊಡಲಿಲ್ಲ. ಆ ಗಳಿಗೆಯಲ್ಲಿ ಎಮೆಟ್ ಟಿಲ್ ನೆನಪಾಗಿದ್ದ ಅಂತ ಆಕೆ ಮುಂದೆ ಹೇಳಿಕೊಂಡಿದ್ದಾಳೆ. ದೇಶಕ್ಕೆ ದೇಶವೇ ಎದ್ದು ನಿಂತ ಚಳವಳಿಗೆ ಸಮ್ನರಿನ ಸೋಲೂ ಒಂದು ಬೀಜ.

ಸಮ್ನರ್ ಮಾತ್ರ ಬಾಯಿ ಮುಚ್ಚಿಕೊಂಡಿತು. ಐವತ್ತು ವರ್ಷ ಕೋರ್ಟಿನ ಮುಂದೆ ಈ ವಿಷಯದ ಒಂದು ಫಲಕವೂ ಇರಲಿಲ್ಲ. ವಿಚಾರಣೆಯ ನಡಾವಳಿಯ ಪ್ರತಿಯೇ ಕಾಣೆಯಾಗಿತ್ತು. 2004ರಲ್ಲಿ ಎಫ್‌ಬಿಐ ಕೇಸನ್ನು ಮತ್ತೆ ತೆರೆದ ಮೇಲೆ ಎಲ್ಲಿಂದಲೋ ಒಂದು ಪ್ರತಿ ಸಿಕ್ಕಿತು. ಕಟ್ಟಡವೂ ಸೊರಗುತ್ತಿತ್ತು. ನಡುವೆ ಯಾವಾಗಲೋ ನವೀಕರಣ ಅಂತ ಹೇಳಿ ಹಾಲಿನ ರೂಪವನ್ನೇ ಬದಲಿಸಿದ್ದರು. 1955ರಲ್ಲಿ ಅಲ್ಲಿ ಕೂತಿದ್ದವರು ಬಂದರೂ ಗುರುತು ಹಿಡಿಯೋದು ಕಷ್ಟ ಆಗೋ ಹಾಗೆ.

ಹೊಸ ಅಧ್ಯಾಯ ಶುರುವಾದದ್ದು ಜೆರೋಮ್ ಲಿಟಲ್ ಅವರಿಂದ. ಕೌಂಟಿಯ ಆಡಳಿತ ಮಂಡಳಿಗೆ ಅಧ್ಯಕ್ಷರಾದ ಮೊದಲ ಕಪ್ಪು ವ್ಯಕ್ತಿ ಅವರು. ಕಪ್ಪು ಜನ, ಬಿಳಿ ಜನ ಇಬ್ಬರನ್ನೂ ಸೇರಿಸಿ ಒಂದು ಸಮಿತಿ ಮಾಡಿದರು. 1955ರಲ್ಲಿ ಯುವತಿಯಾಗಿ ಅದೇ ಹಾಲಿನಲ್ಲಿ ಕೂತು ವಿಚಾರಣೆ ನೋಡಿದ್ದ ಬೆಟ್ಟಿ ಪಿಯರ್ಸನ್ ಅನ್ನೋ ಬಿಳಿ ಮಹಿಳೆ ಸಮಿತಿಯ ಸಹ ಅಧ್ಯಕ್ಷೆಯಾದರು. ಎಲ್ಲರೂ ಒಂದೇ ಕಾರಣಕ್ಕೆ ಬಂದಿರಲಿಲ್ಲ ಅನ್ನೋದನ್ನೂ ಹೇಳಬೇಕು. ಕೆಲವರಿಗೆ ಸತ್ಯ ಹೊರಗೆ ಬರಬೇಕಿತ್ತು. ಕೆಲವರಿಗೆ ಕಟ್ಟಡ ಉಳಿಯಬೇಕಿತ್ತು. ಕೋರ್ಟು ಹೋದರೆ ಸಮ್ನರಿನಲ್ಲಿ ಉಳಿಯೋದೇನು? ಬಡ ಕೌಂಟಿ, ರಿಪೇರಿಗೆ ಹಣವಿಲ್ಲ. ಎಮೆಟ್ ಟಿಲ್ ಹೆಸರಿಲ್ಲದೆ ಹೊರಗಿನ ದುಡ್ಡು ಬರೋದಿಲ್ಲ. ಹೀಗೆ ಒಂದು ಕಾಲದಲ್ಲಿ ಆ ಹೆಸರನ್ನು ಹೂತ ಕಟ್ಟಡವೇ ಆ ಹೆಸರಿನ ಹಂಗಿನಲ್ಲಿ ಉಳಿಯುವ ಹಾಗಾಯಿತು.

2007ರ ಅಕ್ಟೋಬರ್ 2ರಂದು, ನಮ್ಮಲ್ಲಿ ಗಾಂಧಿ ಜಯಂತಿಯ ದಿನ, ಕೋರ್ಟಿನ ಮೆಟ್ಟಿಲ ಮುಂದೆ ಜನ ಸೇರಿಸಿ ಟಿಲ್ ಕುಟುಂಬದವರ ಎದುರಿಗೆ ಕೌಂಟಿಯ ಪರವಾಗಿ ಕ್ಷಮೆ ಕೇಳಿದರು. ತಾಯಿ ಮೇಮಿ ಅದನ್ನು ಕೇಳಲಿಲ್ಲ, 2003ರಲ್ಲಿ ತೀರಿಕೊಂಡಿದ್ದರು. ಆಮೇಲೆ ದುಡ್ಡು ಕೂಡಿಸಿ ಕಟ್ಟಡ ರಿಪೇರಿ ಮಾಡಿದರು. ಮೇಲಿನ ಹಾಲನ್ನು 1955ರಲ್ಲಿ ಹೇಗಿತ್ತೋ ಹಾಗೇ ಮತ್ತೆ ಕಟ್ಟಿದರು. 2015ರ ಮಾರ್ಚಿನಲ್ಲಿ ಮರು ಉದ್ಘಾಟನೆಯಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ನಮ್ಮ ಕೆಲಸದಲ್ಲಿ ರಿಸ್ಟೋರ್ ಅಂದ್ರೆ ಏನು? ಸಿಸ್ಟಮ್ ಕೆಟ್ಟರೆ, ಕೊನೆಯದಾಗಿ ಎಲ್ಲ ಸರಿಯಿದ್ದ ದಿನದ ವರ್ಶನ್‌ಗೆ ವಾಪಸ್ ಹೋಗೋದು. ಹಳೇ ಕಟ್ಟಡ ರಿಪೇರಿ ಮಾಡುವವರೂ ಸಾಮಾನ್ಯವಾಗಿ ಅದನ್ನೇ ಮಾಡ್ತಾರೆ. ಕಟ್ಟಿದ ದಿನದ ವೈಭವಕ್ಕೆ ಒಯ್ತಾರೆ. ಸಮ್ನರಿನವರು ಹಾಲನ್ನು 1910ಕ್ಕೆ ಒಯ್ಯಬಹುದಿತ್ತು, ಯಾರೂ ಕೇಳ್ತಿರಲಿಲ್ಲ. ಅವರು ಒಯ್ದದ್ದು ಆ ಹಾಲಿನ ಅತಿ ಕೆಟ್ಟ ವಾರಕ್ಕೆ. ನಾವು ಪ್ರೊಡಕ್ಷನ್‌ನಲ್ಲಿ ಆದ ಬಗ್ ಅರ್ಥ ಮಾಡಿಕೊಳ್ಳೋಕೆ ಅದೇ ಪರಿಸರವನ್ನು ಮತ್ತೆ ಕಟ್ಟಿ, ಅದೇ ಹೆಜ್ಜೆ ಹಾಕಿ, ಅದು ಎಲ್ಲಿ ಕೆಡುತ್ತೆ ಅಂತ ನೋಡ್ತೀವಲ್ಲ, ಹಾಗೆ.

ಕೋರ್ಟಿನ ಎದುರು ರಸ್ತೆಯಲ್ಲಿ ಎಮೆಟ್ ಟಿಲ್ ಇಂಟರ್‌ಪ್ರಿಟಿವ್ ಸೆಂಟರ್ ಇದೆ. ಅಲ್ಲಿನವರು ನಮ್ಮನ್ನು ಮೇಲಕ್ಕೆ ಕರಕೊಂಡು ಹೋದರು. ನಾವು ಏಳು ಜನ ಇದ್ದೆವು. ಮರದ ಮೆಟ್ಟಿಲು, ಮರದ ಕುರ್ಚಿಗಳು, ಕಿಟಕಿಯಿಂದ ಬೀಳೋ ಬಿಸಿಲು. ಹಾಲು ನಾನಂದುಕೊಂಡಿದ್ದಕ್ಕಿಂತ ಚಿಕ್ಕದು. ಸಾಕ್ಷಿ ಕುರ್ಚಿಯಿಂದ ಆರೋಪಿಗಳು ಕೂತಿದ್ದ ಕಡೆಗೆ ನಾಲ್ಕೈದು ಮಾರು ಇರಬಹುದು. ಆ ಕ್ಷಮಾಪಣೆಯ ಹಾಳೆಯನ್ನು ನಮ್ಮ ಕೈಗೆ ಕೊಟ್ಟು, ಒಬ್ಬೊಬ್ಬರು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಿ ಅಂದರು. ಸಾಮರಸ್ಯ ಶುರುವಾಗೋದು ಸತ್ಯ ಹೇಳೋದರಿಂದ ಅನ್ನೋ ಅರ್ಥದ ಮಾತಿದೆ ಅದರಲ್ಲಿ. ನನ್ನ ಸರದಿ ಬಂದಾಗ ನನ್ನ ಇಂಗ್ಲಿಷ್ ಸ್ವಲ್ಪ ತಡವರಿಸಿತು. ಯಾರೂ ನಗಲಿಲ್ಲ.

ಅದು ಮ್ಯೂಸಿಯಂ ಅಲ್ಲ, ಇವತ್ತಿಗೂ ನಡೆಯೋ ಕೋರ್ಟು. ವಿಚಾರಣೆ ಇದ್ದ ದಿನ ಅದೇ ಕುರ್ಚಿಯಲ್ಲಿ ಜ್ಯೂರಿ ಕೂರ್ತಾರೆ, ಈಗ ಎಲ್ಲ ಬಣ್ಣದವರೂ, ಹೆಂಗಸರೂ. 2023ರ ಜುಲೈ 25ರಂದು, ಎಮೆಟ್ ಬದುಕಿದ್ದಿದ್ದರೆ 82 ತುಂಬುತ್ತಿದ್ದ ದಿನ, ಈ ಕಟ್ಟಡ, ಹೆಣ ಸಿಕ್ಕಿತೆನ್ನುವ ನದಿದಂಡೆ ಮತ್ತು ಶಿಕಾಗೋದಲ್ಲಿ ಅಂತ್ಯಕ್ರಿಯೆ ನಡೆದ ಚರ್ಚು ಮೂರನ್ನೂ ಸೇರಿಸಿ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು. ಹಾಗಂತ ಎಲ್ಲ ಸುಖಾಂತ ಅಂದುಕೊಳ್ಳಬೇಡಿ. ಆ ನದಿದಂಡೆಯ ಫಲಕವನ್ನು ಒಮ್ಮೆ ಕದ್ದರು, ಮತ್ತೆ ಹಾಕಿದ್ದಕ್ಕೆ ಗುಂಡು ಹೊಡೆದರು, ಇನ್ನೊಂದು ಹಾಕಿದರೆ ಅದಕ್ಕೂ ಹೊಡೆದರು. 2019ರಲ್ಲಿ ನಿಲ್ಲಿಸಿದ್ದು ಗುಂಡು ತಡೆಯೋ ಫಲಕ, ತೂಕ 500 ಪೌಂಡಿಗಿಂತ ಹೆಚ್ಚು.

ವಾಪಸ್ ಬರುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ನಮ್ಮ ಕೋರ್ಟುಗಳು. 2000ದ ಮಾರ್ಚ್‌ನಲ್ಲಿ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೇ ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, ಯಾಕಂದ್ರೆ ಸಾಕ್ಷಿಗಳು ತಿರುಗಿಬಿದ್ದಿದ್ದರು. ಅವರನ್ನು ಬೈಯೋದು ಸುಲಭ. ಆದರೆ ಅವರು ಕೋರ್ಟಿನಿಂದ ಇಳಿದು ಹೋಗಬೇಕಾದದ್ದು ಅದೇ ಊರಿಗೆ. ನನ್ನ ಅಪ್ಪ ಬದುವಿನ ಕೇಸಿನಲ್ಲಿ ಹೇಳಿದ್ದು ಅದನ್ನೇ. ಅರ್ಧ ಎಕರೆಯ ವಿಷಯಕ್ಕೇ ಊರನ್ನು ಎದುರು ಹಾಕಿಕೊಳ್ಳೋಕೆ ಮನುಷ್ಯ ಹೆದರ್ತಾನೆ ಅಂದ ಮೇಲೆ ಕೊಲೆಯ ಕೇಸಿನಲ್ಲಿ ಸಾಕ್ಷಿ ಹೇಳೋದು ಎಷ್ಟು ಕಷ್ಟ ಅಂತ ಲೆಕ್ಕ ಹಾಕಿ. ಅಷ್ಟು ದಪ್ಪ ಗೋಡೆಯ ಕಟ್ಟಡದೊಳಗೆ ನ್ಯಾಯ ಅನ್ನೋದು ಕೊನೆಗೆ ನಿಂತದ್ದು 64 ವರ್ಷದ ಒಬ್ಬ ಪಾಲುಗಾರ ರೈತನ ಕೈ ಮೇಲೆ. ಆ ಕೈಯನ್ನು ಕಾಯೋಕೆ ಕಟ್ಟಡದಿಂದ ಆಗಲಿಲ್ಲ.

ರಾತ್ರಿ ರೂಮಿಗೆ ಬಂದು ಊರಿಗೆ ಫೋನ್ ಹಚ್ಚಿದೆ. ಅಲ್ಲಿ ಬೆಳಿಗ್ಗೆ. ಅಪ್ಪ ಹೊಲಕ್ಕೆ ಹೊರಟಿದ್ದ. ಎಲ್ಲ ಕತೆ ಹೇಳಿದೆ. ಎಮೆಟ್, ಜಿನ್ನಿನ ಫ್ಯಾನು, ಮುದುಕ ಎದ್ದು ನಿಂತದ್ದು. ಅಪ್ಪ ನಡುವೆ ಮಾತಾಡದೆ ಕೇಳಿದ.

"ಆ ಮುದುಕ ಉಳದ್ನಾ?"

"ಉಳದ. ಆದ್ರ ಊರು ಬಿಟ್ಟು ಶಿಕಾಗೋಕ್ಕ ಹೋದ. ಆ ವಿಲಿ ರೀಡ್ ಹುಡುಗನೂ ಹೋದ. ಹೆಸರು ಬದಲಿಸಿಕೊಂಡು ಎಷ್ಟೋ ವರ್ಷ ಯಾರಿಗೂ ಗೊತ್ತಾಗದಂಗ ಇದ್ದ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಯಾವ ತಿಂಗಳಂದಿ?"

"ಸೆಪ್ಟೆಂಬರ್."

"ಮತ್ತ ಹತ್ತಿ?"

"ಹೊಲದಾಗ ಹಂಗ ಬಿಟ್ಟು ಹೋದ, ಅಪ್ಪಾ."

"ಒಡದ ಹತ್ತಿ?" ಅಂದ ಅಪ್ಪ. ಆಮೇಲೆ ಏನೂ ಕೇಳಲಿಲ್ಲ.